ಮಂಡಿ ಅಳೆದ ಕಮಾನಕ್ಕ

ಹಳೆಯ ತಟ್ಟೆಯೊಂದರಲ್ಲಿ ಎರಡು ಬೆರಳಿನಷ್ಟು ಡೀಸೆಲ್, ಅದರಲ್ಲಿ ಮುಳುಗಿರುವ ಹದಿನಾರು ನಟ್ಟುಗಳು. ಗೋಣಿಯ ಮೇಲೆ ಕಾಲು ಮಡಚಿ ಕೂತ ಹೆಂಗಸು ಒಂದೊಂದನ್ನೇ ಎತ್ತಿ, ಹಲ್ಲುಜ್ಜಿ ಸವೆದ ಬ್ರಷ್ಷಿನಿಂದ ಒಳಗೂ ಹೊರಗೂ ತಿಕ್ಕಿ, ಬಟ್ಟೆಯ ಮೇಲೆ ಸಾಲಾಗಿ ಇಡುತ್ತಾರೆ. ಎಡಗಾಲಿಯವು ಎಡಕ್ಕೆ, ಬಲಗಾಲಿಯವು ಬಲಕ್ಕೆ. ಪಕ್ಕದ ಮಣೆಯ ಮೇಲೆ ಅವರ ಅತ್ತೆ ಚಹದ ಲೋಟವನ್ನು ಎರಡೂ ಅಂಗೈಯಲ್ಲಿ ಹಿಡಿದು ಕೂತಿದ್ದಾರೆ. ತಗಡಿನ ತೂತುಗಳಿಂದ ಬೆಳಕು ಆಗಷ್ಟೇ ಕಡ್ಡಿ ಕಡ್ಡಿಯಾಗಿ ಇಳಿಯುತ್ತಿದೆ.

ಹಿಂದೆ ನಾಲ್ಕು ಸ್ಟ್ಯಾಂಡುಗಳ ಮೇಲೆ ಗಾಲಿ ಕಳಚಿದ ನೀಲಿ ಪಿಕಪ್ ಗಾಡಿ ನಿಂತಿದೆ. ಮೂರು ದಿನದ ಹಿಂದೆ ತಾವೇ ಬಿಗಿದ ನಟ್ಟುಗಳನ್ನು ಆ ಹೆಂಗಸು ತಾವೇ ಬಿಚ್ಚಿದ್ದಾರೆ, ಈಗ ಎರಡನೇ ಸಲ ಬಿಗಿಯಬೇಕು. ಗಾಡಿ ಇವತ್ತೇ ಹಳ್ಳ ದಾಟಿ ಗುಡ್ಡದ ಮೇಲಿನ ಊರು ಸೇರಬೇಕು. ನಾಳೆ ಸೇರಿದರೆ ಉಪಯೋಗವಿಲ್ಲ.

ಊರಿಗೆಲ್ಲ ಇವರು ಕಮಾನಕ್ಕ. ದಾಖಲೆಯಲ್ಲಿರುವ ಹೆಸರು ಹಿಡಿದು ಕೂಗಿದರೆ ಅವರೇ ತಿರುಗಿ ನೋಡುವುದಿಲ್ಲ. ಗಾಡಿಯ ಭಾರ ಹೊತ್ತು ಗಾಲಿಗಳ ಮೇಲೆ ಬಿಲ್ಲಿನಂತೆ ಬಾಗಿ ಕೂರುವ ಉಕ್ಕಿನ ಪಟ್ಟಿಗಳ ಕಟ್ಟಿಗೆ ಕಮಾನು ಅನ್ನುತ್ತಾರಲ್ಲ, ಆ ಕಮಾನು ಕಟ್ಟುವುದು ಅವರ ಕಸುಬು. ವಯಸ್ಸು ನಲವತ್ತನಾಲ್ಕು. ಅದರಲ್ಲಿ ಇಪ್ಪತ್ತೆರಡು ವರ್ಷ ಗಾಡಿಗಳ ಕೆಳಗೆ ಕಳೆದಿದೆ.

"ಮನುಷ್ಯರಿಗೆ ಸೊಂಟ ಹೇಗೋ ಗಾಡಿಗೆ ಕಮಾನು ಹಾಗೆ" ಅನ್ನುತ್ತಾರೆ ಅವರು. "ಸರಿಯಾಗಿರೋ ತನಕ ಯಾರೂ ವಿಚಾರಿಸಲ್ಲ. ಹಿಡ್ಕೊಂಡ ಮೇಲೆ ಎಲ್ರೂ ಅಯ್ಯೋ ಅಂತಾರೆ."

ದಿನ ಶುರುವಾಗುವುದು ಐದು ಗಂಟೆಗೆ. ಬಿಸಿಲೇರುವ ಮೊದಲು ಸುತ್ತಿಗೆಯ ಕೆಲಸ, ಆಮೇಲೆ ಪಾನಾ ಹಿಡಿದು ನಟ್ಟು ಬಿಗಿಯುವ ಕೆಲಸ. ಸೋತು ಚಪ್ಪಟೆಯಾದ ಒಂದು ಪಟ್ಟಿಗೆ ಮತ್ತೆ ಬಾಗು ಬರಬೇಕಾದರೆ ಅಡಿಗಲ್ಲಿನ ಮೇಲಿಟ್ಟು ಸುಮಾರು ಮುನ್ನೂರು ಏಟು ಹಾಕಬೇಕು. ಗೇಣಿಗಿಷ್ಟು ಎಂದು ಸರಿಸುತ್ತ ಹೋಗಬೇಕು, ಒಂದು ಏಟು ಜಾಗ ತಪ್ಪಿದರೂ ಅಲ್ಲೇ ಗಂಟು ಬೀಳುತ್ತದೆ. ದಿನಕ್ಕೆ ನಾಲ್ಕು ಪಟ್ಟಿ, ಅಂದರೆ ಸಾವಿರದಿನ್ನೂರು ಏಟು. ಲೆಕ್ಕ ಇಡುವವರು ಅತ್ತೆ. ಕಣ್ಣು ಮಂಜಾಗಿದೆ, ಮಂಡಿ ಹಿಡಿದಿದೆ, ಆದರೆ ಕಿವಿ ಚುರುಕು. "ಇನ್ನೂರ ಎಂಬತ್ತಾರು. ಆ ಏಟು ಸರಿಯಾಗಿ ಬೀಳ್ಲಿಲ್ಲ ಹುಡುಗಿ" ಎಂದು ಮಣೆಯ ಮೇಲಿಂದಲೇ ಹೇಳುತ್ತಾರೆ. ಸೊಸೆಗೆ ಎಷ್ಟು ವಯಸ್ಸಾದರೂ ಅವರ ಬಾಯಲ್ಲಿ ಹುಡುಗಿಯೇ.

ಕುಲುಮೆಗೆ ಹಾಕಿ ಕೆಂಪಗೆ ಕಾಸಿದರೆ ಈ ಕೆಲಸ ಕಾಲು ಭಾಗದ ಹೊತ್ತಿನಲ್ಲಿ ಮುಗಿಯುತ್ತದೆ. ಪೇಟೆಯ ಬೇರೆ ಅಂಗಡಿಗಳಲ್ಲಿ ಹಾಗೇ ಮಾಡುತ್ತಾರೆ. ಕಮಾನಕ್ಕ ಒಪ್ಪುವುದಿಲ್ಲ. "ಕಾಸಿದ್ರೆ ಪಟ್ಟಿ ಬೇಗ ಬಗ್ಗುತ್ತೆ. ಅಷ್ಟೇ ಬೇಗ ಮರೆತೂ ಬಿಡುತ್ತೆ. ತಣ್ಣಗಿದ್ದಾಗ ತಿಂದ ಏಟನ್ನ ಮಾತ್ರ ಜನ್ಮದಲ್ಲಿ ಮರೆಯಲ್ಲ."

"ಅದಕ್ಕೇ ನಾನು ಬೈದದ್ದೆಲ್ಲ ನಿಂಗಿನ್ನೂ ನೆನಪಿರೋದು" ಎನ್ನುತ್ತಾರೆ ಅತ್ತೆ.

ಬೈದದ್ದು ಸುಳ್ಳಲ್ಲ. ಶೆಡ್ಡು ಮಾವನದು. ಸೊಸೆಯಾಗಿ ಬಂದ ಹೊಸತರಲ್ಲಿ ಕಮಾನಕ್ಕನ ಕೆಲಸ ಚಹ ತಂದುಕೊಡುವುದು, ಖಾಲಿ ಲೋಟ ಒಯ್ಯುವುದು ಅಷ್ಟೇ. ಒಂದು ದಿನ ಪಟ್ಟಿಯ ತುದಿ ಹಿಡಿಯುವ ಆಳು ಬರಲಿಲ್ಲ, ಲೋಟ ಕೆಳಗಿಟ್ಟು ಇವರೇ ಹಿಡಿದರು. ಮರುದಿನವೂ ಹಿಡಿದರು. ಮಾವನ ಬಲಗೈ ನಡುಗಲು ಶುರುವಾದ ಮೇಲೆ ಸುತ್ತಿಗೆಯೂ ಇವರ ಕೈಗೆ ಬಂತು. ಗಂಡ ದೂರದ ಲಾರಿ ಓಡಿಸುವವರು, ತಿಂಗಳಿಗೆ ನಾಲ್ಕು ದಿನ ಮನೆಯಲ್ಲಿದ್ದರೆ ಹೆಚ್ಚು. ಅವರು ಬೇಡವೆನ್ನಲಿಲ್ಲ. ಅತ್ತೆ ಮಾತ್ರ ಎರಡು ವರ್ಷ ಶೆಡ್ಡಿನ ಕಡೆ ತಲೆ ಹಾಕಲಿಲ್ಲ. ಹೆಣ್ಣು ಸುತ್ತಿಗೆ ಹಿಡಿದರೆ ಮನೆ ಉಳಿಯುತ್ತದೆಯೇ ಎಂದು ಬಂದವರಿಗೆಲ್ಲ ಹೇಳಿಕೊಂಡು ತಿರುಗಿದರು. ಮಾವ ತೀರಿಕೊಂಡ ವರ್ಷ, ಬೆಳಿಗ್ಗೆ ಎದ್ದು ನೋಡಿದರೆ ಶೆಡ್ಡಿನ ಬಾಗಿಲ ಪಕ್ಕ ಒಂದು ಮಣೆ ಹಾಕಿತ್ತು. ಅತ್ತೆ ಅದರ ಮೇಲೆ ಕೂತಿದ್ದರು.

"ಯಾಕೆ ಬಂದ್ರಿ ಅಂತ ನಾನೂ ಕೇಳ್ಲಿಲ್ಲ, ಅವ್ರೂ ಹೇಳ್ಲಿಲ್ಲ" ಎಂದು ಕಮಾನಕ್ಕ ನೆನೆಯುತ್ತಾರೆ. "ಮೊದಲ್ನೇ ದಿನಾನೇ ಲೆಕ್ಕ ತಪ್ಪಿದೆ ಅಂದ್ರು."

ಗಿರಾಕಿಗಳು ಅಷ್ಟು ಬೇಗ ಒಪ್ಪಲಿಲ್ಲ. ಇಂದಿಗೂ ಹೊಸಬರು ಬಂದರೆ ಶೆಡ್ಡಿನೊಳಗೆ ಇಣುಕಿ, "ಯಜಮಾನ್ರು ಇಲ್ವಾ?" ಅನ್ನುತ್ತಾರೆ. "ಇದ್ದಾರೆ, ಗಾಡಿ ಕೆಳಗಿದ್ದಾರೆ, ಹೇಳಿ" ಎಂದು ಗಾಡಿಯ ಕೆಳಗಿಂದ ಹೆಣ್ಣುದನಿ ಬರುತ್ತದೆ. ಏಟಿನ ಸದ್ದಿಗೆ ಕಮಾನಕ್ಕನ ಎಡಗಿವಿ ಅರ್ಧ ಮಂದವಾಗಿದೆ. ಬಲ ಹೆಬ್ಬೆರಳಿನ ಉಗುರು ಮೂರು ಸಲ ಬಿದ್ದು ಮೂರು ಸಲ ಹುಟ್ಟಿದೆ. ಕೈ ಕೆಸರಾದರೆ ಬಾಯಿ ಮೊಸರು ಅಂತಾರಲ್ಲ ಎಂದರೆ ನಗುತ್ತಾರೆ. "ನಂಗೆ ಕೈಯೂ ಗ್ರೀಸೇ, ಬಾಯೂ ಗ್ರೀಸೇ."

ನೀಲಿ ಪಿಕಪ್ಪಿನ ಕತೆ ಶುರುವಾದದ್ದು ಹೋದ ತಿಂಗಳು. ಅದನ್ನು ತಂದವರು ಆರೋಗ್ಯ ಕೇಂದ್ರದ ನರ್ಸಮ್ಮ. ಗುಡ್ಡದ ಮೇಲಿನ ಊರಿಗೆ ವಾರಕ್ಕೊಮ್ಮೆ ಹೋಗಿ ಬಸುರಿಯರನ್ನು, ಮಕ್ಕಳನ್ನು, ವಯಸ್ಸಾದವರನ್ನು ನೋಡಿ ಬರುವುದು, ಅಗತ್ಯ ಬಿದ್ದರೆ ಗಾಡಿಯಲ್ಲಿ ಕೆಳಗೆ ಕರೆತರುವುದು ಅವರ ಕೆಲಸ. ಕೇಂದ್ರದ ಹಳೆಯ ಗಾಡಿ ಕೆಟ್ಟು ಮೂಲೆ ಸೇರಿದ ಮೇಲೆ ಐದು ತಿಂಗಳಿಂದ ಆ ಭೇಟಿ ನಿಂತಿತ್ತು. ಈ ತಿಂಗಳ ಕೊನೆಯೊಳಗೆ ಗಾಡಿ ಗುಡ್ಡ ಹತ್ತದಿದ್ದರೆ ಮೇಲಿನೂರಿನ ಹೆಸರುಗಳೆಲ್ಲ ದೂರದ ಆಸ್ಪತ್ರೆಯ ಪಟ್ಟಿಗೆ ಹೋಗುತ್ತವೆ ಎಂದು ಮೇಲಧಿಕಾರಿಗಳು ಕಾಗದ ಕಳಿಸಿದರು. ಆ ಆಸ್ಪತ್ರೆಗೆ ಗುಡ್ಡ ಸುತ್ತಿಕೊಂಡು ಹೋಗಲು ನಾಲ್ಕು ಗಂಟೆ ಬೇಕು. ಪಟ್ಟಿಯಲ್ಲಿರುವ ಹೆಸರುಗಳಲ್ಲಿ ಒಂದು ಕಮಾನಕ್ಕನ ನಾದಿನಿಯದು. ಆಕೆಗೀಗ ಎಂಟು ತಿಂಗಳು. ಮಂಡಿ ನೋವಿನ ಅತ್ತೆ ಗುಡ್ಡ ಹತ್ತಲಾರರು, ಹೊಟ್ಟೆ ಹೊತ್ತ ಮಗಳು ಇಳಿಯಲಾರಳು. ಹಳೆಯ ಗಾಡಿಯಲ್ಲೇ ಹೋಗಿ ಬರುತ್ತಿದ್ದ ತಾಯಿ ಮಗಳ ಮುಖ ನೋಡಿ ಐದು ತಿಂಗಳಾಗಿತ್ತು.

ಮುಚ್ಚಿಹೋದ ಕಲ್ಲುಗಣಿಯೊಂದರ ಅಂಗಳದಲ್ಲಿ ನಾಲ್ಕೂ ಗಾಲಿಗೆ ಎಂಜಿನ್ ಬಲ ಹೋಗುವ, ಎರಡು ಸಾಲು ಸೀಟಿನ ಈ ಗಾಡಿ ಅಗ್ಗಕ್ಕೆ ಸಿಕ್ಕಿತು ಎಂದು ನರ್ಸಮ್ಮ ತಂದರು. ಬಣ್ಣ ಹೊಸದು. ಪಕ್ಕದ ಟೈರ್ ಅಂಗಡಿಯ ಟೈರಣ್ಣ ಸುತ್ತ ಒಂದು ಪ್ರದಕ್ಷಿಣೆ ಹಾಕಿ, "ನರ್ಸಮ್ಮಾ, ಇದಕ್ಕೆ ನೀವು ದುಡ್ಡು ಕೊಟ್ರಾ, ಇಲ್ಲಾ ಒಯ್ದು ಪುಣ್ಯ ಕಟ್ಕೊಳ್ಳಿ ಅಂತ ಅವ್ರೇ ನಿಮಗೆ ದುಡ್ಡು ಕೊಟ್ರಾ?" ಅಂದರು.

ಹೊರಗೆ ಥಳುಕು, ಒಳಗೆ ಹುಳುಕು. ಕಮಾನಕ್ಕ ಕೆಳಗೆ ನುಸುಳಿ ಸ್ಕ್ರೂಡ್ರೈವರ್ ಒತ್ತಿದರೆ ಅದು ತುಕ್ಕು ತೂರಿಕೊಂಡು ಡ್ರೈವರ್ ಸೀಟಿನ ಹತ್ತಿರ ಮೇಲೆ ಬಂತು. ಅವರದೊಂದು ಪದ್ಧತಿಯಿದೆ. ಹುಳುಕು ಕಂಡಲ್ಲೆಲ್ಲ ಬಿಳಿ ಬಳಪದಿಂದ ಸುತ್ತು ಹಾಕುತ್ತಾರೆ. ರಿಪೇರಿ ಮುಗಿದ ಮೇಲೆ ಅಂಗೈಯಿಂದಲೇ ಒರೆಸುತ್ತಾರೆ, ಬಟ್ಟೆಯಿಂದಲ್ಲ. ಬೆಸುಗೆಯ ಚೂಪು ಉಳಿದಿದ್ದರೆ ಕೈಗೆ ತಿಳಿಯಲಿ ಎಂದು. ಈ ಗಾಡಿಗೆ ಹತ್ತೊಂಬತ್ತು ಸುತ್ತು ಬಿದ್ದವು. ಮುಂದಿನ ಗಾಲಿಗಳಿಗೆ ಬಲ ಕೊಡುವ ಸಣ್ಣ ಗೇರಿನ ಕೋಲು ವರ್ಷಗಟ್ಟಲೆ ಅಲುಗಾಡದೆ ಕಚ್ಚಿಕೊಂಡಿತ್ತು. ಎರಡು ದಿನ ಎಣ್ಣೆ ಕುಡಿಸಿ, ಮೂರನೆಯ ದಿನ ಸಣ್ಣ ಸುತ್ತಿಗೆಯಿಂದ ತಟ್ಟಿದಾಗ ಟಕ್ ಎಂದು ಗೇರು ಬಿತ್ತು. "ಮುನಿಸ್ಕೊಂಡ ಮಗು ಇದ್ದ ಹಾಗೆ" ಅನ್ನುತ್ತಾರೆ ಕಮಾನಕ್ಕ. "ಎಳೆದಾಡಿದ್ರೆ ಇನ್ನೂ ಬಿಗಿಯಾಗುತ್ತೆ. ಹತ್ರ ಕೂತ್ಕೊಂಡು ಕಾಯ್ಬೇಕು."

ಮುಖ್ಯ ಕೆಲಸ ಇನ್ನೂ ಬಾಕಿಯಿತ್ತು. ಹಳ್ಳಕ್ಕೆ ಸೇತುವೆಯಿಲ್ಲ. ನೀರು ಮೊಳಕಾಲುದ್ದ, ಅದು ತೊಂದರೆಯಲ್ಲ. ಆಚೆ ದಡದಲ್ಲಿ ಹೊಸ್ತಿಲಿನಂತೆ ಅಡ್ಡಲಾಗಿ ಒಂದು ಬಂಡೆಯಿದೆ. ಮುಂದಿನ ಗಾಲಿ ಅದನ್ನು ಹತ್ತಿ ಇಳಿಯುತ್ತದೆ, ಹಿಂದಿನ ಗಾಲಿ ಮುಟ್ಟುವ ಮೊದಲೇ ಗಾಡಿಯ ಹೊಟ್ಟೆ ಬಂಡೆಯ ಮೇಲೆ ಕೂತುಬಿಡುತ್ತದೆ. ಆಮೇಲೆ ಗಾಲಿ ತಿರುಗಿದರೂ ಒಂದೇ, ಬಿಟ್ಟರೂ ಒಂದೇ. ಕಮಾನಕ್ಕ ಟೇಪು, ದಾರ, ಒಂದು ಹಲಗೆ ಹಿಡಿದು ನೀರಿಗಿಳಿದು ಬಂಡೆಯನ್ನು ಎಲ್ಲ ಕಡೆಯಿಂದ ಅಳೆದರು. ದೊಡ್ಡ ಟೈರು ಹಾಕಿ, ಕಮಾನಿಗೆ ಬಾಗು ಹೆಚ್ಚಿಸಿ, ಒಂದೊಂದು ಪಟ್ಟಿ ಸೇರಿಸಿದರೆ ಗಾಡಿ ಮೇಲೇಳುತ್ತದೆ. ಎಷ್ಟು ಏಳಬೇಕು ಎಂದರೆ, ನಾಲ್ಕು ಇಂಚು.

ಅವರು ಎತ್ತಿದ್ದು ಆರು.

"ಎರಡಿಂಚು ನಾನೇ ಸೇರಿಸ್ದೆ. ಯಾರೂ ಕೇಳಿರ್ಲಿಲ್ಲ" ಎಂದು ಒಪ್ಪಿಕೊಳ್ಳುತ್ತಾರೆ. "ಇರ್ಲಿ ಅಂತ ಹೇಳ್ಕೊಂಡೆ. ನಿಜ ಹೇಳ್ಬೇಕಂದ್ರೆ ನೋಡೋಕೆ ಚೆನ್ನಾಗಿತ್ತು."

ಚೆನ್ನಾಗಿಯೇ ಇತ್ತು. ಬೀದಿಯ ಜನ ಬಂದು ಪಕ್ಕದಲ್ಲಿ ನಿಂತು ಫೋಟೊ ತೆಗೆಸಿಕೊಂಡರು. "ಒಂಟೆ ಆಯ್ತಲ್ಲಕ್ಕೋ!" ಎಂದು ಟೈರಣ್ಣ ಶಿಳ್ಳೆ ಹೊಡೆದರು. ನರ್ಸಮ್ಮ ಒಂದು ಸಲ ಹಳ್ಳ ದಾಟಿಸಿ ತಿರುಗಿಸಿಕೊಂಡೂ ಬಂದರು, ಬಂಡೆ ಎಲ್ಲಿತ್ತೆಂದೇ ಗೊತ್ತಾಗಲಿಲ್ಲ. ಮೇಲಿನೂರಿಗೆ ಹೊರಡಲು ಇನ್ನೂ ಎರಡು ದಿನ ಉಳಿದಿತ್ತು. ಎಲ್ಲರೂ ನಗುತ್ತಿರುವಾಗ ಅತ್ತೆ ಒಳಗಿಂದ ಬಂದರು. ತಲೆ ಬಾಚಿಕೊಂಡಿದ್ದರು, ಕೈಯಲ್ಲಿ ಒಂದು ಗಂಟಿತ್ತು. "ಎಲ್ಲಿ, ನಾನೂ ಒಂದ್ಸಲ ಕೂತು ನೋಡ್ತೀನಿ" ಅಂದರು.

ಬಾಗಿಲು ತೆರೆದರು. ಅತ್ತೆ ಕಾಲೆತ್ತಿದರು. ಪಾದ ಮೆಟ್ಟಿಲ ತನಕ ಹೋಗಲಿಲ್ಲ. ಇನ್ನೊಂದು ಕಾಲು ಎತ್ತಿ ನೋಡಿದರು. ಸೀಟಿನ ಅಂಚು ಹಿಡಿದು ಮತ್ತೊಮ್ಮೆ ನೋಡಿದರು. ಟೈರಣ್ಣ ಕಂಕುಳಿಗೆ ಕೈ ಕೊಡಲು ಹೋದರೆ, "ಬಿಡೋ, ನಾನೇನು ಮೂಟೆನಾ ಎತ್ತಿ ಹಾಕೋಕೆ?" ಎಂದು ಗದರಿದರು. ಆಮೇಲೆ ಕೆಳಗೆ ನಿಂತು, ಗಾಡಿಯನ್ನು ಮೇಲಿಂದ ಕೆಳಗೆ ನೋಡಿ, ಯಾರನ್ನೂ ಬೈಯದೆ ಮೆಲ್ಲಗೆ ಹೇಳಿದರು. "ನಂಗೇ ಆಗ್ಲಿಲ್ಲ. ಎಂಟು ತಿಂಗಳ ಹೊಟ್ಟೆ ಇಟ್ಕೊಂಡೋಳು ಹೇಗೆ ಹತ್ತುತ್ತಾಳೆ?"

ಫೋಟೊ ತೆಗೆಯುತ್ತಿದ್ದವರು ಮೊಬೈಲು ಜೇಬಿಗಿಟ್ಟರು. ನರ್ಸಮ್ಮ ತಲೆ ತಗ್ಗಿಸಿದರು, ದಿನವೂ ಇಂಥವರನ್ನೇ ಕೈ ಹಿಡಿದು ನಡೆಸುವ ತನಗೂ ಹೊಳೆಯಲಿಲ್ಲವಲ್ಲ ಎಂದು. "ಬಂಡೆ ಅಳೆದೆ, ಹಳ್ಳ ಅಳೆದೆ, ಗಾಡಿ ಹೊಟ್ಟೆ ಅಳೆದೆ" ಎನ್ನುತ್ತಾರೆ ಕಮಾನಕ್ಕ. "ದಿನಾ ಕಣ್ಣೆದುರು ಮಣೆ ಮೇಲೆ ಕೂತಿರೋ ಮಂಡಿ ಅಳೀಲಿಲ್ಲ."

"ಒಂದು ಸ್ಟೂಲ್ ಇಟ್ಕೊಂಡು ಹೋದ್ರಾಯ್ತಪ್ಪ" ಎಂದರು ಟೈರಣ್ಣ.

"ಬೇನೆ ತಿನ್ನೋಳು ಕೆಸರಲ್ಲಿ ನಿಂತಿರ್ತಾಳೆ. ಸ್ಟೂಲ್ ಅಲ್ಲಾಡದ ಹಾಗೆ ಯಾರು ಹಿಡ್ಕೋತಾರೆ? ನೀನ್ ಬರ್ತೀಯಾ?" ಎಂದರು ಕಮಾನಕ್ಕ.

ಅವತ್ತೇ ಗಾಡಿ ಮತ್ತೆ ಸ್ಟ್ಯಾಂಡಿಗೇರಿತು. ಮೊದಲು ಅತ್ತೆಯನ್ನು ಶೆಡ್ಡಿನ ಕಂಬಕ್ಕೆ ಒರಗಿಸಿ ನಿಲ್ಲಿಸಿ, ನೋವಾಗದಂತೆ ಕಾಲು ಎಷ್ಟು ಎತ್ತುತ್ತೀರೋ ಎತ್ತಿ ಎಂದರು. ಅಂಗಾಲು ನಿಂತಲ್ಲಿ ಬಳಪದ ಗೀಟು. ಒಂಬತ್ತು ಇಂಚು. ಅತ್ತೆ ಹಠಕ್ಕೆ ಹನ್ನೊಂದು ಎತ್ತಲು ಹೋದರು. "ಸುಳ್ಳು ಅಳತೆ ಬೇಡ ಅತ್ತೆ. ಗಾಡಿಗೆ ಗೊತ್ತಾಗುತ್ತೆ" ಎಂದರು ಸೊಸೆ.

ಎರಡು ಇಂಚು ಇಳಿಸುವುದು ಸುಲಭ. ಮೆಟ್ಟಿಲು ಕಷ್ಟ. ನೆಲದಿಂದ ಒಂಬತ್ತು ಇಂಚಿಗೆ ಮೆಟ್ಟಿಲು ಕೂರಿಸಿದರೆ ಅದೇ ಬಂಡೆಗೆ ಬಡಿಯುತ್ತದೆ. ಮೇಲೆ ಕೂರಿಸಿದರೆ ಕಾಲು ಎಟುಕುವುದಿಲ್ಲ. ಕಮಾನಕ್ಕ ಅವತ್ತು ಮಧ್ಯಾಹ್ನ ಊಟಕ್ಕೆ ಏಳಲಿಲ್ಲ. ತಟ್ಟೆಯೆದುರು ಕಾದು ಸಾಕಾದ ಅತ್ತೆ ಕೋಲೂರಿಕೊಂಡು ಬಂದು ನೋಡಿದರೆ, ಸೊಸೆ ಗುಜರಿ ರಾಶಿಯ ಮುಂದೆ ಕುಕ್ಕರಗಾಲಲ್ಲಿ ಕೂತು ಮುರಿದ ಹಳೆ ಪಟ್ಟಿಯೊಂದನ್ನು ತಿರುಗಿಸಿ ತಿರುಗಿಸಿ ನೋಡುತ್ತಿದ್ದರು. ಕಮಾನಿನ ಉದ್ದದ ಪಟ್ಟಿಯ ತುದಿ ಸುರುಳಿ ಸುತ್ತಿಕೊಂಡಿರುತ್ತದೆ. ಆ ಸುರುಳಿಯ ಕಣ್ಣಿನಲ್ಲಿ ಬೋಲ್ಟು ತೂರಿಸಿಯೇ ಅದನ್ನು ಗಾಡಿಗೆ ಸಿಕ್ಕಿಸುವುದು. ಆ ಬೋಲ್ಟಿನ ಮೇಲೆ ಪಟ್ಟಿ ಬಾಗಿಲಿನಂತೆ ಆಡುತ್ತದೆ.

"ಇಪ್ಪತ್ತೆರಡು ವರ್ಷದಿಂದ ಕೈಯಲ್ಲಿ ಹಿಡ್ದಿದ್ದೀನಿ. ಅದು ಕೀಲು ಅಂತ ಅವತ್ತು ಗೊತ್ತಾಯ್ತು."

ಎರಡೂ ಬದಿಗೆ ಹಳೆ ಪಟ್ಟಿಯ ಮಡಚುವ ಮೆಟ್ಟಿಲು ಬಂತು. ಬಿಟ್ಟರೆ ಒಂಬತ್ತು ಇಂಚಿಗೆ ಇಳಿದು ಗಟ್ಟಿಯಾಗಿ ನಿಲ್ಲುತ್ತದೆ, ಕಾಲಲ್ಲಿ ಎತ್ತಿ ಕೊಕ್ಕೆಗೆ ಸಿಕ್ಕಿಸಿದರೆ ಬಾಗಿಲಿಗೆ ಅಂಟಿಕೊಳ್ಳುತ್ತದೆ. ಅದರ ಮೇಲೆ ಇನ್ನೊಂದು ಗಟ್ಟಿ ಮೆಟ್ಟಿಲು, ಕೈಗೆ ಸಿಗುವ ಹಾಗೆ ಒಂದು ಹಿಡಿ. ಕಾಲು ಜಾರದಿರಲಿ ಎಂದು ಟೈರಣ್ಣ ಹಳೆ ಟೈರಿನ ರಬ್ಬರು ಕೊಯ್ದು ಕೊಟ್ಟರು. ಅವರಿಂದ ಇನ್ನೂ ಒಂದು ಉಪಕಾರವಾಯಿತು. ಜನ ಕೂತ ಮೇಲೆ ಕಮಾನು ಎಷ್ಟು ಕುಗ್ಗುತ್ತದೆ ಎಂದು ತಿಳಿಯಬೇಕಿತ್ತು. ಅವರನ್ನೂ ನಾಲ್ಕು ಟೈರನ್ನೂ ಒಟ್ಟಿಗೆ ಹಿಂದಿನ ಸೀಟಿಗೆ ತುಂಬಿ, ಅಷ್ಟು ಭಾರ ಬಿದ್ದರೂ ಎತ್ತಿದ ನಾಲ್ಕಿಂಚು ಉಳಿಯುವಂತೆ ಕಮಾನಕ್ಕ ಬಾಗು ಗುರುತು ಮಾಡಿಕೊಂಡರು. "ನಿನ್ನ ತೂಕ ಇವತ್ತು ಕೆಲಸಕ್ಕೆ ಬಂತು ನೋಡು" ಎಂದರು ಮಣೆಯ ಮೇಲಿನ ಅತ್ತೆ.

ಈಗ ತಿಂಗಳ ಕೊನೆಯ ದಿನದ ಬೆಳಿಗ್ಗೆ ಏಳು ಗಂಟೆ. ಹದಿನಾರೂ ನಟ್ಟುಗಳು ತಮ್ಮ ತಮ್ಮ ಜಾಗಕ್ಕೆ ಕೂತಿವೆ. ಗಾಡಿಯ ಹೊಟ್ಟೆಯಡಿ ಬಳಪದ ಸುತ್ತು ಒಂದೂ ಉಳಿದಿಲ್ಲ. ಕಂಬದ ಮೇಲಿನ ಒಂಬತ್ತು ಇಂಚಿನ ಗೀಟನ್ನು ಮಾತ್ರ ಕಮಾನಕ್ಕ ಒರೆಸಿಲ್ಲ. ಅದು ಇರಲಿ ಅನ್ನುತ್ತಾರೆ.

ನರ್ಸಮ್ಮ ಬರುತ್ತಾರೆ. ಹಿಂದಿನ ಸೀಟಿನ ತುಂಬ ಔಷಧಿ ಡಬ್ಬಿ, ಲಸಿಕೆಯ ತಣ್ಣನೆ ಪೆಟ್ಟಿಗೆ, ಮಕ್ಕಳನ್ನು ತೂಗುವ ತಕ್ಕಡಿ. ಮುಂದೆ ಒಂದು ಜಾಗ ಉಳಿದಿದೆ. ಅತ್ತೆ ಗಂಟು ಹಿಡಿದು ಬಂದು ನಿಲ್ಲುತ್ತಾರೆ. ಕಮಾನಕ್ಕ ಮೆಟ್ಟಿಲ ಕೊಕ್ಕೆ ಬಿಡುತ್ತಾರೆ, ಪಟ್ಟಿ ಇಳಿದು ನಿಲ್ಲುತ್ತದೆ. ಒಂದು ಕಾಲು. ಹಿಡಿಗೆ ಕೈ. ಇನ್ನೊಂದು ಕಾಲು. ಅತ್ತೆ ಸೀಟಿನ ಮೇಲೆ ಕೂತು ಗಂಟನ್ನು ತೊಡೆಯ ಮೇಲಿಟ್ಟುಕೊಂಡು, "ಬಾಗಿಲು ಹಾಕು, ಹೊತ್ತಾಯ್ತು" ಎನ್ನುತ್ತಾರೆ, ದಿನವೂ ಹತ್ತಿ ಇಳಿದು ರೂಢಿಯಾದವರಂತೆ.

ಹಳ್ಳದ ತನಕ ಟೈರಣ್ಣ ತಮ್ಮ ಬೈಕಿನಲ್ಲಿ ಕಮಾನಕ್ಕನನ್ನು ಬಿಟ್ಟು, ಅಂಗಡಿ ತೆರೆಯಬೇಕೆಂದು ತಿರುಗಿ ಹೋಗುತ್ತಾರೆ. ಗಾಡಿ ನೀರಿಗಿಳಿಯುತ್ತದೆ. ಎಲ್ಲರೂ ಗಾಲಿ ನೋಡುವ ಹೊತ್ತಿನಲ್ಲಿ ಇವರು ದಡದ ಮೇಲೆ ಬೋರಲು ಬಿದ್ದು, ಕೆನ್ನೆಯನ್ನು ಮರಳಿಗೆ ಒತ್ತಿ, ಹೊಟ್ಟೆ ನೋಡುತ್ತಾರೆ. ಮುಂದಿನ ಗಾಲಿಗಳು ಬಂಡೆ ಹತ್ತಿ ಇಳಿಯುತ್ತವೆ. ಗಾಡಿ ಒಮ್ಮೆ ಮುಗ್ಗರಿಸಿದಂತಾಗಿ ಕಮಾನು ಕುಗ್ಗುತ್ತದೆ. ಬಂಡೆಗೂ ಕಬ್ಬಿಣಕ್ಕೂ ನಡುವೆ ಬೆಳಕಿನ ಒಂದು ಗೆರೆ ಉಳಿಯುತ್ತದೆ. ಗೆರೆ ಹಾಗೇ ಸರಿಯುತ್ತದೆ. ಹಿಂದಿನ ಗಾಲಿ ಬಂಡೆ ಮುಟ್ಟಿ, ಏರಿ, ಆಚೆ ಇಳಿಯುತ್ತದೆ.

"ಎರಡು ಬೆರಳು" ಎನ್ನುತ್ತಾರೆ ಕಮಾನಕ್ಕ, ಮಲಗಿದಲ್ಲಿಂದಲೇ ಎರಡು ಬೆರಳು ಎತ್ತಿ. "ಸಾಕು. ಎರಡು ಬೆರಳು ಬೇಕಾದಷ್ಟಾಯ್ತು."

ಎದ್ದು ಮರಳು ಕೊಡವಿಕೊಳ್ಳುತ್ತಾರೆ. ಇಪ್ಪತ್ತೆರಡು ವರ್ಷದಲ್ಲಿ ಅವರ ಕೈಯಲ್ಲಿ ಕಮಾನು ಕಟ್ಟಿಸಿಕೊಂಡ ಎಷ್ಟೋ ಗಾಡಿಗಳು ಈ ಗುಡ್ಡ ಹತ್ತಿವೆ. ಅವರು ಹತ್ತಿಲ್ಲ. ನಾದಿನಿಯ ಮನೆಯಂಗಳದಿಂದ ಕೆಳಗಿನ ಊರು, ಶೆಡ್ಡಿನ ತಗಡೂ ಸೇರಿ, ಅಂಗೈಯಗಲ ಕಾಣುತ್ತದಂತೆ. ಅತ್ತೆ ಹೇಳಿದ್ದನ್ನು ಕೇಳಿ ಗೊತ್ತು, ಅಷ್ಟೇ. "ಗಾಡಿಗಳನ್ನೆಲ್ಲ ಕೆಳಗಿಂದ ನೋಡಿದ್ದೀನಿ. ಒಳಗೆ ಕೂತು ಹೊರಗೆ ನೋಡಿಲ್ಲ" ಎಂದು ನಗುತ್ತಾರೆ.

ಆಚೆ ದಡದಲ್ಲಿ ನೀಲಿ ಗಾಡಿ ಏರು ಹಿಡಿದಿದೆ. ಕಿಟಕಿಯಲ್ಲಿ ಅತ್ತೆಯ ನೆಟ್ಟಗಿನ ತಲೆ ಕಾಣುತ್ತದೆ, ಮುಂದಿನ ದಾರಿ ನೋಡುತ್ತಿದ್ದಾರೆ. ಕಮಾನಕ್ಕ ಎರಡು ಹೆಜ್ಜೆ ನೀರಿಗಿಳಿದು, ಬಾಯಿಗೆ ಕೈ ಅಡ್ಡ ಹಿಡಿದು ಕೂಗುತ್ತಾರೆ.

"ಮುಂದಿನ ವಾರ ನನ್ನನ್ನೂ ಕರ್ಕೊಂಡು ಹೋಗ್ರೀ!"

ಗಾಡಿ ತಿರುವಿನಲ್ಲಿ ಮರೆಯಾಗುತ್ತದೆ.